ಮಳೆ ಗೊತ್ತಿಲ್ಲದಾಗ ಕೆರೆಯ ಲೆಕ್ಕ

ನೀರಾವರಿ ಯೋಜನೆಯ ಮಾತು ಬಂದಾಗಲೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. 2050ರ ಹೊತ್ತಿಗೆ ನಮ್ಮ ಸೀಮೆಯಲ್ಲಿ ಮಳೆ ಹೆಚ್ಚಾಗುತ್ತದೆಯೋ ಕಡಿಮೆಯಾಗುತ್ತದೆಯೋ? ಇದಕ್ಕೊಂದು ಖಚಿತವಾದ ಅಂಕಿ ಸಿಕ್ಕಿಬಿಟ್ಟರೆ ಉಳಿದದ್ದನ್ನು ತಾವು ನೋಡಿಕೊಳ್ಳುತ್ತೇವೆ ಎಂಬ ಭಾವ ಕೇಳುವವರ ಮುಖದಲ್ಲಿರುತ್ತದೆ. ಆ ಅಂಕಿ ನನ್ನ ಬಳಿ ಇಲ್ಲ. ಇನ್ನು ಹತ್ತು ವರ್ಷದೊಳಗೆ ಬೇರೆ ಯಾರ ಬಳಿಯಾದರೂ ಇರುತ್ತದೆ ಎಂಬ ನಂಬಿಕೆಯೂ ನನಗಿಲ್ಲ. ಆ ಅಂಕಿಗಾಗಿ ಕಾಯದೆಯೇ ಯೋಜನೆ ಮಾಡಬಹುದು, ಅದಕ್ಕೆ ಬೇಕಾದ ಲೆಕ್ಕ ಒಂದು ಕಪ್ಪು ಹಲಗೆಯ ಮೇಲೆ ಹಿಡಿಸುವಷ್ಟು ಚಿಕ್ಕದು ಎಂಬುದನ್ನು ತೋರಿಸಲು ಇವತ್ತು ಪ್ರಯತ್ನಿಸುತ್ತೇನೆ.

2023ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. 1901ರಿಂದ ಈಚಿನ ದಾಖಲೆಯಲ್ಲಿ ಇಡೀ ದೇಶಕ್ಕೆ ಅಷ್ಟು ಕಡಿಮೆ ಮಳೆಯಾದ ಆಗಸ್ಟ್ ಇನ್ನೊಂದಿಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮುಂದಿನ ಮಾರ್ಚ್ ಹೊತ್ತಿಗೆ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟು, ಟ್ಯಾಂಕರ್ ನೀರಿಗೆ ಆಡಳಿತವೇ ದರ ಗೊತ್ತುಮಾಡುವ ಸ್ಥಿತಿ ಬಂದಿತು. ಅದಾಗಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2024ರ ಜುಲೈ ಕೊನೆಗೆ, ಕೆಆರ್‌ಎಸ್ ತುಂಬಿ ಬಾಗಿನ ಅರ್ಪಣೆಯೂ ಆಗಿತ್ತು. 2050ರ ಅನಿಶ್ಚಯದ ಬಗ್ಗೆ ನಾವು ಚಿಂತಿಸುತ್ತೇವೆ, ಸರಿ. ಆದರೆ ಜುಲೈನಲ್ಲಿ ನಾಟಿ ಹಾಕುವ ಮಂಡ್ಯದ ರೈತನಿಗೆ ಬರುವ ಸೆಪ್ಟೆಂಬರೇ ಅಷ್ಟು ಅನಿಶ್ಚಿತ. ಈ ಎರಡು ಅನಿಶ್ಚಯಗಳಿಗೂ ಒಂದೇ ಸಲಕರಣೆ ಸಾಕಾಗುತ್ತದೆ ಎಂಬುದು ನನ್ನ ಅನುಭವ.

ಸರಳ ಮಾದರಿ ಎಂದಾಗ ಅದು ನಮಗೆ ಹೊರಗಿನಿಂದ ಬಂದ ವಿದ್ಯೆ ಎಂದು ತಿಳಿಯಬೇಕಾಗಿಲ್ಲ. ಹಳೆ ಮೈಸೂರಿನ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದದ್ದು ಇದೇ ಕೆಲಸ. ತೂಬಿನ ಕಲ್ಲುಕಂಬದ ಮೇಲೆ ನೀರು ಎಲ್ಲಿಗೆ ನಿಂತಿದೆ ಎಂದು ನೋಡಿ, ಈ ಸಲ ಅಚ್ಚುಕಟ್ಟಿಗೆಲ್ಲ ಭತ್ತವೋ, ತೂಬಿನ ಹತ್ತಿರದ ಗದ್ದೆಗಳಿಗೆ ಮಾತ್ರ ಭತ್ತವೋ, ಉಳಿದದ್ದಕ್ಕೆ ರಾಗಿಯೋ ಎಂದು ಊರಿಗೆ ಹೇಳುತ್ತಿದ್ದವನು ಅವನು. ಅವನ ತಲೆಯಲ್ಲಿದ್ದದ್ದು ಮೂರೇ ಸಂಗತಿ: ಇರುವ ನೀರು, ಬೆಳೆ ಕೇಳುವ ನೀರು, ಇನ್ನೂ ಬರಬಹುದಾದ ನೀರು. ಮೊದಲ ಎರಡು ಅವನಿಗೆ ಗೊತ್ತಿದ್ದವು. ಮೂರನೆಯದನ್ನು ನಂಬದೆ ಲೆಕ್ಕ ಹಾಕುವುದೇ ಅವನ ಜಾಣತನ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ಅವನಿಗೂ ಬರುತ್ತಿತ್ತು, ಆದರೆ ತೂಬು ಎತ್ತುವಾಗ ಅವನು ನೋಡುತ್ತಿದ್ದದ್ದು ಕಂಬವನ್ನು.

ಎಂಜಿನಿಯರುಗಳ ಭಾಷೆಯಲ್ಲಿ ಇದಕ್ಕೆ ನೀರಿನ ಜಮಾಖರ್ಚು ಎನ್ನಬಹುದು. ತಿಂಗಳ ಮೊದಲ ದಿನದ ಸಂಗ್ರಹಕ್ಕೆ ಒಳಹರಿವನ್ನು ಕೂಡಿಸಿ, ಆವಿಯಾದದ್ದನ್ನೂ ಬಿಟ್ಟದ್ದನ್ನೂ ಕಳೆದರೆ ತಿಂಗಳ ಕೊನೆಯ ಸಂಗ್ರಹ ಸಿಗುತ್ತದೆ. ಜಲಾಶಯ ಎಷ್ಟು ದೊಡ್ಡದಿರಬೇಕು ಎಂದು ಇದೇ ಲೆಕ್ಕದಿಂದ ಕಂಡುಹಿಡಿಯುವ ಕ್ರಮವನ್ನು ರಿಪ್ಲ್ ಎಂಬ ಎಂಜಿನಿಯರ್ 1883ರಲ್ಲೇ ಪ್ರಕಟಿಸಿದ್ದರು. ಇಷ್ಟು ಹಳೆಯ, ಇಷ್ಟು ಚಿಕ್ಕ ಲೆಕ್ಕದಿಂದ ಇಂದಿನ ಕಾವೇರಿಯ ಬಗ್ಗೆ ಏನು ತಿಳಿಯುತ್ತದೆ ಎಂದು ನೋಡೋಣ.

ಕೆಆರ್‌ಎಸ್‌ನ ಸಾಮರ್ಥ್ಯ 49.45 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಹೇಮಾವತಿಯದು 37.10, ಕಬಿನಿಯದು 19.52, ಹಾರಂಗಿಯದು 8.50. ನಾಲ್ಕನ್ನೂ ಕೂಡಿಸಿದರೆ 114.57 ಟಿಎಂಸಿ ಆಗುತ್ತದೆ. ಸುಪ್ರೀಂ ಕೋರ್ಟಿನ 2018ರ ಫೆಬ್ರುವರಿ 16ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದದ್ದು 177.25 ಟಿಎಂಸಿ. ಅಣೆಕಟ್ಟೆಗಳಿಂದ ಕೆಳಗಿನ ಪ್ರದೇಶದಲ್ಲಿ ಬಿದ್ದ ಮಳೆಯ ನೀರೂ ಇದರಲ್ಲಿ ಸೇರಿದೆ, ನಿಜ. ಆದರೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಮ್ಮ ಜಲಾಶಯಗಳು ಒಂದು ವರ್ಷದ ನೀರನ್ನು ಮುಂದಿನ ವರ್ಷಕ್ಕೆ ಕಾಪಿಟ್ಟುಕೊಳ್ಳುವ ಕಣಜಗಳಲ್ಲ. ಒಂದೇ ಮಳೆಗಾಲದಲ್ಲಿ ತುಂಬುತ್ತ, ಬಿಡುತ್ತ, ಮತ್ತೆ ತುಂಬಬೇಕಾದ ಪಾತ್ರೆಗಳು. ಹೋದ ವರ್ಷ ಚೆನ್ನಾಗಿ ಮಳೆಯಾಗಿತ್ತು ಎಂಬುದು ಈ ವರ್ಷಕ್ಕೆ ಹೆಚ್ಚೇನೂ ನೆರವಾಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗೋಣ. ಆ 177.25ರಲ್ಲಿ ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76 ಟಿಎಂಸಿ ಎಂದು ತಿಂಗಳ ಕಂತು ಕಟ್ಟಿದ್ದಾರೆ. ನಾಲ್ಕು ತಿಂಗಳಿಗೇ 123.14 ಆಯಿತು, ಅಂದರೆ ಇಡೀ ವರ್ಷದ ಬಾಬ್ತಿನ ಶೇಕಡ 69ಕ್ಕೂ ಹೆಚ್ಚು. ಒಂದು ಟಿಎಂಸಿ ಎಂದರೆ ಒಂದು ದಿನವಿಡೀ 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಹರಿದ ನೀರು ಎಂಬ ಲೆಕ್ಕ ನೆನಪಿದ್ದರೆ, ಆಗಸ್ಟ್ ಪೂರ್ತಿ ದಿನಕ್ಕೆ ಸರಾಸರಿ 17,000 ಕ್ಯೂಸೆಕ್‌ಗೂ ಮೀರಿ ಹರಿಯಬೇಕು ಎಂದು ನೀವೇ ತೆಗೆಯಬಹುದು. ಈಗ ಒಂದು ವರ್ಷವನ್ನು ಊಹಿಸಿಕೊಳ್ಳಿ. ಒಟ್ಟು ಮಳೆ ಸರಿಯಾಗಿಯೇ ಆಗುತ್ತದೆ, ಆದರೆ ಆಗಸ್ಟ್‌ನ ಪಾಲು ಅಕ್ಟೋಬರಿಗೆ ಜರುಗುತ್ತದೆ. ವರ್ಷದ ಲೆಕ್ಕ ಮಾತ್ರ ಇಟ್ಟ ಮಾದರಿ ಎಲ್ಲವೂ ಕ್ಷೇಮ ಎನ್ನುತ್ತದೆ. ತಿಂಗಳ ಲೆಕ್ಕ ಇಟ್ಟ ಮಾದರಿ ಆಗಸ್ಟ್ 20ರ ಹೊತ್ತಿಗೇ ಕೈಚೆಲ್ಲುತ್ತದೆ. ಆದ್ದರಿಂದ ಮಾದರಿ ಎಷ್ಟು ಸರಳವಾಗಿರಬಹುದು ಎಂಬುದನ್ನು ನಾವು ಕೇಳುತ್ತಿರುವ ಪ್ರಶ್ನೆಯೇ ಗೊತ್ತುಮಾಡುತ್ತದೆ. ಕಾವೇರಿಗೆ ವಾರ್ಷಿಕ ಲೆಕ್ಕ ಅತಿ ಸರಳ. ತಿಂಗಳ ಲೆಕ್ಕ ಹದವಾಗಿದೆ. ಗಂಟೆ ಗಂಟೆಯ ಲೆಕ್ಕ ಗೇಟು ಎತ್ತುವವರಿಗೆ ಬೇಕು, ಬೆಳೆ ಯೋಜನೆ ಮಾಡುವವರಿಗೆ ಬೇಡ.

ಇಲ್ಲಿ ಒಂದು ಮಾತನ್ನು ಸೇರಿಸಿ ಮುಂದೆ ಹೋಗುತ್ತೇನೆ. ಕಾವೇರಿ ಕಣಿವೆಯ ಒಟ್ಟು ನೀರು 740 ಟಿಎಂಸಿ ಎಂದು ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರಲ್ಲಿ ಇಟ್ಟುಕೊಂಡದ್ದು ಶೇಕಡ 50ರ ಭರವಸೆಯ ಅಂಕಿ. ಅದರ ಅರ್ಥ, ಹವಾಮಾನ ಕಿಂಚಿತ್ತೂ ಬದಲಾಗದಿದ್ದರೂ ಎರಡು ವರ್ಷಕ್ಕೊಂದು ವರ್ಷ ಅಷ್ಟು ನೀರು ಇರುವುದಿಲ್ಲ ಎಂದು. ಸಂಕಷ್ಟದ ವರ್ಷ ಬಂದಾಗ ಆಕಾಶ ಕಳಚಿ ಬಿದ್ದಂತೆ ಮಾತನಾಡುವ ನಾವು ಈ ಶೇಕಡ 50ನ್ನು ಓದಿಯೇ ಇಲ್ಲವೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಈಗ ಹಲಗೆಯ ಮೇಲೆ ಒಂದು ಕೆರೆ ಬರೆಯುತ್ತೇನೆ. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಕೆರೆ, ಆದರೆ ತುಮಕೂರು, ಹಾಸನ, ಕೋಲಾರಗಳಲ್ಲಿ ಇದರ ಅಣ್ಣತಮ್ಮಂದಿರು ಎಷ್ಟೋ ಇವೆ. ಜಲಾನಯನ ಹತ್ತು ಚದರ ಕಿಲೋಮೀಟರ್, ಕೆರೆಯಲ್ಲಿ ನಿಲ್ಲುವ ನೀರು ಹನ್ನೆರಡು ಲಕ್ಷ ಘನ ಮೀಟರ್, ವರ್ಷದ ಮಳೆ 70 ಸೆಂಟಿಮೀಟರ್. ಬಿದ್ದ ಮಳೆಯಲ್ಲಿ ಎಷ್ಟು ಹರಿದು ಕೆರೆಗೆ ಬರುತ್ತದೆ? ಇದಕ್ಕೆ ಇಂಗ್ಲಿಸ್ ಮತ್ತು ಡಿಸೋಜ 1929ರಲ್ಲಿ ಪಶ್ಚಿಮ ಭಾರತದ ಹೊಳೆಗಳನ್ನು ಅಳೆದು ಕೊಟ್ಟ ಒಂದು ಸೂತ್ರವಿದೆ. ದಖನ್ ಬಯಲುಸೀಮೆಗೆ ಅದು ಹೀಗಿದೆ: ಸೆಂಟಿಮೀಟರ್ ಲೆಕ್ಕದ ಮಳೆಯಿಂದ 17.8 ಕಳೆಯಿರಿ, ಉಳಿದದ್ದನ್ನು ಅದೇ ಮಳೆಯಿಂದ ಗುಣಿಸಿ 254ರಿಂದ ಭಾಗಿಸಿರಿ. 70 ಸೆಂಟಿಮೀಟರ್ ಮಳೆಗೆ 14.4 ಸೆಂಟಿಮೀಟರ್ ಹರಿವು ಬರುತ್ತದೆ. ಹತ್ತು ಚದರ ಕಿಲೋಮೀಟರಿಗೆ ಅದು 14.4 ಲಕ್ಷ ಘನ ಮೀಟರ್ ಆಗುತ್ತದೆ. ಕೆರೆ ತುಂಬುತ್ತದೆ, 2.4 ಲಕ್ಷ ಕೋಡಿ ಹರಿಯುತ್ತದೆ.

ಮಳೆಯನ್ನು ಶೇಕಡ 20 ಇಳಿಸಿ 56 ಸೆಂಟಿಮೀಟರ್ ಮಾಡೋಣ. ಹರಿವು 8.4 ಲಕ್ಷಕ್ಕೆ ಇಳಿಯುತ್ತದೆ. ಮಳೆ ಐದನೆಯ ಒಂದು ಪಾಲು ಕಡಿಮೆಯಾದರೆ ನೀರು ಐದರಲ್ಲಿ ಎರಡು ಪಾಲಿಗೂ ಹೆಚ್ಚು ಕಡಿಮೆಯಾಯಿತು. ಮಣ್ಣು ಮೊದಲು ತನ್ನ ಪಾಲು ಕುಡಿಯುತ್ತದೆ, ಗಿಡಮರ ತಮ್ಮ ಪಾಲು ಕುಡಿಯುತ್ತವೆ, ಮಿಕ್ಕದ್ದು ಹಳ್ಳಕ್ಕೆ ಬರುತ್ತದೆ. ಆದ್ದರಿಂದ ಕೊರತೆಯ ಹೊರೆಯೆಲ್ಲ ಆ ಮಿಕ್ಕದ್ದರ ಮೇಲೇ ಬೀಳುತ್ತದೆ. ಇಂಗ್ಲಿಸ್ ಮತ್ತು ಡಿಸೋಜರ ಅದೇ ಜೋಡಿ ಘಟ್ಟದ ಪ್ರದೇಶಕ್ಕೆ ಬೇರೆ ಸೂತ್ರ ಕೊಟ್ಟಿದೆ: ಮಳೆಯ ಶೇಕಡ 85ರಿಂದ 30.5 ಸೆಂಟಿಮೀಟರ್ ಕಳೆದರೆ ಆಯಿತು. ಅಲ್ಲಿ 300 ಸೆಂಟಿಮೀಟರ್ ಮಳೆ 240ಕ್ಕೆ ಇಳಿದರೆ ಹರಿವು 224.5ರಿಂದ 173.5ಕ್ಕೆ ಇಳಿಯುತ್ತದೆ, ಅಂದರೆ ಶೇಕಡ 23ರಷ್ಟು ಮಾತ್ರ. ಕೊಡಗಿನ ತುಂಬಿದ ಮಣ್ಣಿಗೆ ಮಳೆ ಕಡಿಮೆಯಾದದ್ದು ಅಷ್ಟಾಗಿ ತಟ್ಟುವುದಿಲ್ಲ, ಬಯಲುಸೀಮೆಯ ಕೆರೆಗೆ ಇಮ್ಮಡಿಯಾಗಿ ತಟ್ಟುತ್ತದೆ. ಒಂದೇ ರಾಜ್ಯ, ಒಂದೇ ಮುಂಗಾರು, ಒಂದೇ ಶೇಕಡ 20 ಆದರೂ ಪರಿಣಾಮ ಒಂದೇ ಅಲ್ಲ. "ರಾಜ್ಯದಲ್ಲಿ ಮಳೆ ಇಷ್ಟು ಕೊರತೆ" ಎಂಬ ಒಂದೇ ಅಂಕಿಯ ಮೇಲೆ ಪರಿಹಾರ ನಿರ್ಧರಿಸುವವರು ಈ ಎರಡು ಸಾಲುಗಳನ್ನು ಮೇಜಿನ ಮೇಲೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಕೆರೆಗೆ ಮರಳೋಣ. ನಿಂತ ನೀರಿನ ಕಾಲುಭಾಗ ಆವಿಯಾಗಿಯೂ ಇಂಗಿಯೂ ಹೋಗುತ್ತದೆ ಎನ್ನೋಣ, ಒಂದು ಹೆಕ್ಟೇರ್ ಭತ್ತಕ್ಕೆ ಹನ್ನೆರಡು ಸಾವಿರ ಘನ ಮೀಟರ್ ಬೇಕು ಎನ್ನೋಣ. 70 ಸೆಂಟಿಮೀಟರಿನ ವರ್ಷ ಒಂಬತ್ತು ಲಕ್ಷ ಘನ ಮೀಟರ್ ಕೈಗೆ ಬಂದು 75 ಹೆಕ್ಟೇರ್ ಭತ್ತವಾಗುತ್ತದೆ. 56ರ ವರ್ಷ 52 ಹೆಕ್ಟೇರ್ ಆಗುತ್ತದೆ. ಇನ್ನು ಮಳೆ ಶೇಕಡ 20 ಹೆಚ್ಚಾಗಿ 84 ಸೆಂಟಿಮೀಟರ್ ಆದ ವರ್ಷ? ಹರಿವು ಸುಮಾರು 22 ಲಕ್ಷ. ಆದರೆ ಕೆರೆಯ ಹೊಟ್ಟೆ ಹನ್ನೆರಡೇ ಲಕ್ಷ. ಭತ್ತ ಅದೇ 75 ಹೆಕ್ಟೇರ್. ಹೆಚ್ಚಿನ ಹತ್ತು ಲಕ್ಷ ಕೋಡಿಯ ಮೇಲೆ ಹೋಯಿತು.

ಈಗ ಗಮನವಿಟ್ಟು ನೋಡಿ, ಇಡೀ ಮಾತಿನ ತಿರುಳು ಇಲ್ಲಿದೆ. ಒಂದು ಕಾಲದಲ್ಲಿ ಪ್ರತಿ ವರ್ಷವೂ 70 ಸೆಂಟಿಮೀಟರ್ ಬರುತ್ತಿತ್ತು ಎಂದುಕೊಳ್ಳಿ. ಈಗ ಒಂದು ವರ್ಷ 56, ಮರುವರ್ಷ 84, ಹೀಗೆ ಬರತೊಡಗಿದೆ. ಸರಾಸರಿ ಮಳೆ ಅದೇ 70. ಮಳೆಯ ದಾಖಲೆ ನೋಡಿದವರು ಏನೂ ಬದಲಾಗಿಲ್ಲ ಎನ್ನುತ್ತಾರೆ. ಸೂತ್ರದಂತೆ ಹರಿವಿನ ಸರಾಸರಿಯಾದರೂ ಸ್ವಲ್ಪ ಹೆಚ್ಚೇ ಆಗಿದೆ, 14.4 ಇದ್ದದ್ದು 15.2 ಲಕ್ಷ ಆಗಿದೆ. ಆದರೆ ಭತ್ತದ ಸರಾಸರಿ 75ರಿಂದ 64 ಹೆಕ್ಟೇರಿಗೆ ಇಳಿಯಿತು. ಕಡಿಮೆ ಮಳೆಯ ವರ್ಷ ಕಳೆದುಕೊಂಡದ್ದನ್ನು ಹೆಚ್ಚು ಮಳೆಯ ವರ್ಷ ತುಂಬಿಕೊಡುವುದಿಲ್ಲ, ಏಕೆಂದರೆ ತುಂಬಿಕೊಳ್ಳಲು ಜಾಗವಿಲ್ಲ. ದಕ್ಷಿಣ ಏಷ್ಯಾದ ಮುಂಗಾರು ಈ ಶತಮಾನದ ಮಧ್ಯದಿಂದ ಮುಂದಕ್ಕೆ ಹೆಚ್ಚಾಗುವ ಸಂಭವವಿದೆ, ವರ್ಷದಿಂದ ವರ್ಷಕ್ಕೆ ಏರುಪೇರೂ ಹೆಚ್ಚಾಗುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳುತ್ತದೆ. ಅದರ ಮೊದಲರ್ಧವನ್ನು ಮಾತ್ರ ಓದಿ ಸಮಾಧಾನಪಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಮಳೆ ಹೆಚ್ಚಾಗಿಯೂ ಅಚ್ಚುಕಟ್ಟು ಒಣಗುವುದು ಹೇಗೆ ಎಂದು ಅವರಿಗೆ ತೋರಿಸಲು ಸೂಪರ್ ಕಂಪ್ಯೂಟರ್ ಬೇಕಾಗಿಲ್ಲ, ಈ ಹಲಗೆ ಸಾಕು.

ವಾರ್ಷಿಕ ಸೂತ್ರದಲ್ಲಿ ಒಂದು ಕೊರತೆ ಇದೆ. 70 ಸೆಂಟಿಮೀಟರ್ ಮಳೆ ಅರವತ್ತು ದಿನಗಳಲ್ಲಿ ಹನಿಹನಿಯಾಗಿ ಬಂತೋ, ಮೂವತ್ತು ದಿನಗಳಲ್ಲಿ ಸುರಿದು ಹೋಯಿತೋ ಎಂಬುದು ಅದಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಮಣ್ಣನ್ನು ಒಂದು ಬಕೆಟ್ಟೆಂದು ಭಾವಿಸಿ ದಿನದಿನದ ಲೆಕ್ಕ ಇಡುವ ಮಾದರಿ ಬಳಸುತ್ತೇವೆ. ಮಳೆ ಬಕೆಟ್ಟನ್ನು ತುಂಬುತ್ತದೆ, ಬಿಸಿಲೂ ಬೆಳೆಯೂ ಖಾಲಿ ಮಾಡುತ್ತವೆ, ಅಂಚು ಮೀರಿದ್ದು ಹಳ್ಳಕ್ಕೆ ಹರಿಯುತ್ತದೆ. ಕೇಳಿದರೆ ಮಕ್ಕಳಾಟ ಎನಿಸುತ್ತದೆ. ಆದರೆ ಹವಾಮಾನ ಮಾದರಿಗಳ ಕೆಲಸಕ್ಕಾಗಿ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಸ್ಯುಕುರೊ ಮನಾಬೆ 1969ರಲ್ಲಿ ತಮ್ಮ ಜಾಗತಿಕ ಮಾದರಿಯ ನೆಲಕ್ಕೆಲ್ಲ ಇಂಥದೇ ಬಕೆಟ್ಟು ಇಟ್ಟಿದ್ದರು, ಅದರ ಆಳ ಹದಿನೈದು ಸೆಂಟಿಮೀಟರ್. ಇಂದಿನ ದೈತ್ಯ ಮಾದರಿಗಳ ಮೂಲ ಪುರುಷನೂ ಒಂದು ಬಕೆಟ್ಟೇ ಎಂದು ವಿದ್ಯಾರ್ಥಿಗಳಿಗೆ ಹೇಳಿದಾಗ ಅವರಿಗೆ ಸ್ವಲ್ಪ ಧೈರ್ಯ ಬರುತ್ತದೆ.

ನಮ್ಮ ಬಕೆಟ್ಟಿನಲ್ಲಿ ಎಂಟು ಸೆಂಟಿಮೀಟರ್ ಜಾಗ ಖಾಲಿ ಇದೆ, ದಿನಕ್ಕೆ ನಾಲ್ಕು ಮಿಲಿಮೀಟರ್ ಆವಿಯಾಗುತ್ತದೆ ಎನ್ನಿ. ಹತ್ತು ದಿನ ದಿನಕ್ಕೆ ಹತ್ತು ಮಿಲಿಮೀಟರಿನಂತೆ ನೂರು ಮಿಲಿಮೀಟರ್ ಮಳೆ ಬಂದರೆ, ಆವಿ ಕಳೆದು ಆರು ಸೆಂಟಿಮೀಟರ್ ಮಣ್ಣಿಗೆ ಸೇರುತ್ತದೆ, ಹಳ್ಳಕ್ಕೆ ಒಂದು ಹನಿಯೂ ಇಲ್ಲ. ರಾಗಿ ಹೊಲ ನಳನಳಿಸುತ್ತದೆ, ಕೆರೆ ಖಾಲಿ. ಅದೇ ನೂರು ಮಿಲಿಮೀಟರ್ ಒಂದೇ ರಾತ್ರಿ ಸುರಿದರೆ ಇಪ್ಪತ್ತು ಮಿಲಿಮೀಟರ್ ಹಳ್ಳಕ್ಕೆ ಇಳಿಯುತ್ತದೆ. ಕೆರೆಗೆ ನೀರು ಬಂತು, ಆದರೆ ಮುಂದಿನ ಒಂಬತ್ತು ದಿನ ಮಳೆಯಿಲ್ಲ. ಹಾಗಾಗಿ ಮಳೆಯ ರಭಸ ಹೆಚ್ಚಾಗುವುದು ಕೆರೆಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆರೆಯಡಿಯ ಗದ್ದೆಯವನಿಗೆ ಒಂದು ಉತ್ತರ, ದಿಣ್ಣೆಯ ಮೇಲಿನ ಖುಷ್ಕಿಯವನಿಗೆ ಇನ್ನೊಂದು ಉತ್ತರ. ಒಂದೇ ಊರಿನ ಸಭೆಯಲ್ಲಿ ಇಬ್ಬರೂ ಕೂತಿರುತ್ತಾರೆ.

ಹಾಗಾದರೆ ದೊಡ್ಡ ಹವಾಮಾನ ಮಾದರಿಗಳು ಬೇಡವೇ ಎಂದು ನೀವು ಕೇಳಬಹುದು. ಬೇಕು, ಆದರೆ ಅವು ಲೆಕ್ಕದ ಕೊನೆಯಲ್ಲಿ ಬರಬೇಕು ಎಂಬುದು ನನ್ನ ವಾದ. ಜಾಗತಿಕ ಮಾದರಿಯ ಒಂದು ಚೌಕ ಸುಮಾರು ನೂರು ಕಿಲೋಮೀಟರ್ ಅಗಲ. ಅಂಥ ಒಂದು ಚೌಕದೊಳಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಡಿಕೇರಿಯೂ ಸೇರುತ್ತದೆ, ಅದರ ಮೂರನೆಯ ಒಂದು ಪಾಲೂ ಕಾಣದ ಹುಣಸೂರಿನ ಕಡೆಯ ಬಯಲೂ ಸೇರುತ್ತದೆ. ಆ ಚೌಕದ ಸರಾಸರಿ ಮಳೆ ಬೀಳುವ ಊರು ಹುಡುಕಿದರೂ ಸಿಗುವುದು ಕಷ್ಟ. ಅದನ್ನು ಸ್ಥಳೀಯ ಮಟ್ಟಕ್ಕೆ ಇಳಿಸುವ ವಿಧಾನಗಳಿವೆ. ಆದರೆ ಇಪ್ಪತ್ತು ಮಾದರಿಗಳನ್ನು ಇಳಿಸಿದರೆ ಇಪ್ಪತ್ತು ಉತ್ತರ, ಕೆಲವು ಹೆಚ್ಚು ಎನ್ನುತ್ತವೆ, ಕೆಲವು ಕಡಿಮೆ ಎನ್ನುತ್ತವೆ. ಅವುಗಳ ಸರಾಸರಿ ತೆಗೆದು ಯೋಜನೆಗೆ ಹಾಕುವುದು ರೂಢಿಯಲ್ಲಿದೆ. ಸರಾಸರಿ ಏನು ಮಾಡುತ್ತದೆ ಎಂದು ಈಗಷ್ಟೇ ಕೆರೆಯ ಲೆಕ್ಕದಲ್ಲಿ ನೋಡಿದೆವು.

ನಾವು ಮಾಡಬೇಕಾದದ್ದು ಇದರ ತಿರುವುಮುರುವು. ಮೊದಲು ನಮ್ಮ ಕೆರೆ ಎಲ್ಲಿ ಸೋಲುತ್ತದೆ ಎಂದು ಕೇಳಬೇಕು. ಊರಿಗೆ ಕನಿಷ್ಠ 40 ಹೆಕ್ಟೇರ್ ಬೆಳೆ ಬೇಕೇ ಬೇಕು ಎನ್ನಿ. ಮಳೆಯನ್ನು ಶೇಕಡ 40 ಇಳಿಕೆಯಿಂದ ಶೇಕಡ 40 ಏರಿಕೆಯವರೆಗೆ, ಆವಿಯನ್ನು ಇಂದಿನದರಿಂದ ಶೇಕಡ 20 ಹೆಚ್ಚಿನವರೆಗೆ, ಏರುಪೇರನ್ನು ಇಂದಿನದರಿಂದ ಇಮ್ಮಡಿಯವರೆಗೆ ಬದಲಿಸುತ್ತ ಲೆಕ್ಕವನ್ನು ಸಾವಿರ ಸಲ ತಿರುಗಿಸಿ, 40 ಹೆಕ್ಟೇರ್ ಸಿಗದ ಗಡಿಯನ್ನು ಕಾಗದದ ಮೇಲೆ ಗೆರೆ ಎಳೆಯಬೇಕು. ಸರಳ ಮಾದರಿ ಇದ್ದರೆ ಇದು ಒಂದು ಮಧ್ಯಾಹ್ನದ ಕೆಲಸ, ಒಂದು ಸ್ಪ್ರೆಡ್‌ಶೀಟ್ ಸಾಕು. ಆ ಗೆರೆ ಎಳೆದಾದ ಮೇಲೆ ಇಪ್ಪತ್ತು ಹವಾಮಾನ ಮಾದರಿಗಳನ್ನು ಕರೆದು, ನಿಮ್ಮಲ್ಲಿ ಎಷ್ಟು ಜನ ಗೆರೆಯ ಆಚೆ ನಿಲ್ಲುತ್ತೀರಿ ಎಂದು ಕೇಳಬೇಕು. ಆಗ ಅವುಗಳ ಭಿನ್ನಾಭಿಪ್ರಾಯ ತೊಡಕಾಗುವುದಿಲ್ಲ, ಮಾಹಿತಿಯಾಗುತ್ತದೆ. ಎಲ್ಲವೂ ಈಚೆ ನಿಂತರೆ ಯಾವುದು ಸರಿ ಎಂಬ ಜಗಳ ನಮಗೆ ಬೇಕಾಗಿಲ್ಲ.

ಸರಳ ಮಾದರಿಯ ಬಗ್ಗೆ ಇಷ್ಟು ಹೊಗಳಿದವನು ಅದರಿಂದ ನಾನು ಕೆಟ್ಟ ಕತೆಯನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಯಲುಸೀಮೆಯ ಒಂದು ಕೆರೆಯ ಜೀರ್ಣೋದ್ಧಾರಕ್ಕೆ ನೀರಿನ ಅಂದಾಜು ಮಾಡುವ ಹೊಣೆ ನನ್ನ ಮೇಲೆ ಬಿತ್ತು. ನಾನು ಸ್ಟ್ರೇಂಜ್ ಕೋಷ್ಟಕ ತೆಗೆದೆ. ಜಲಾನಯನ ಒಳ್ಳೆಯದೋ, ಸಾಧಾರಣವೋ, ಕೆಟ್ಟದ್ದೋ ಎಂದು ಗೊತ್ತುಮಾಡಿಕೊಂಡರೆ ಮಳೆಗೆ ಎದುರಾಗಿ ಹರಿವನ್ನು ಓದಿಕೊಳ್ಳಬಹುದಾದ ಆ ಹಳೆಯ ಕೋಷ್ಟಕ ನಿಮ್ಮಲ್ಲಿ ಸಣ್ಣ ನೀರಾವರಿಯವರಿಗೆಲ್ಲ ಗೊತ್ತು. ನಾನು "ಸಾಧಾರಣ" ಎಂದು ಗುರುತು ಹಾಕಿದೆ, ಮಳೆಯ ಅಂಕಿ ಇಟ್ಟೆ, ಹತ್ತರಲ್ಲಿ ಏಳು ವರ್ಷ ಕೆರೆ ತುಂಬುತ್ತದೆ ಎಂದು ಬರೆದೆ. ವರದಿ ತೋರಿಸಲು ಏರಿಯ ಮೇಲೆ ನಿಂತಿದ್ದಾಗ ಊರಿನ ಹಳೆಯ ನೀರುಗಂಟಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಎಲ್ಲಾ ಸರಿ ಸಾಮಿ, ನಿಮ್ ಲೆಕ್ಕದಾಗೆ ಬೋರ್‌ವೆಲ್ ಎಲ್ಲೈತೆ?" ಎಂದರು. ನಾನು, "ಯಜಮಾನರೇ, ಬೋರ್‌ವೆಲ್ ನೀರು ನೆಲದೊಳಗಿನದು, ಇದು ಮೇಲೆ ಹರಿಯೋ ನೀರಿನ ಲೆಕ್ಕ" ಎಂದು ವಿವರಿಸಿದೆ. ಅವರು ಮತ್ತೆ ಮಾತಾಡಲಿಲ್ಲ. ಆಮೇಲಿನ ಹತ್ತು ವರ್ಷದಲ್ಲಿ ಆ ಕೆರೆ ಕೋಡಿ ಬಿದ್ದದ್ದು ಒಂದು ಸಲ.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅಂತರ್ಜಲ ಮೇಲಿದ್ದ ಕಾಲದಲ್ಲಿ ಹಳ್ಳಕ್ಕೆ ಒರತೆಯ ನೀರು ಜಿನುಗುತ್ತಿತ್ತು. ನೀರಿನ ಮಟ್ಟ ನೂರಾರು ಅಡಿ ಕೆಳಗೆ ಹೋದ ಮೇಲೆ ಒರತೆ ನಿಂತಿತು. ಅಷ್ಟೇ ಅಲ್ಲ, ಮೊದಲ ಮಳೆಗಳ ನೀರು ಹಳ್ಳದ ಮರಳಿನಲ್ಲೇ ಇಂಗಿಹೋಗತೊಡಗಿತು. ಮೇಲ್ಭಾಗದಲ್ಲಿ ಚೆಕ್‌ಡ್ಯಾಮ್, ಕೃಷಿಹೊಂಡ, ನೀಲಗಿರಿ ತೋಪು ಬೇರೆ. ನಮ್ಮ ಹಲಗೆಯ ಕೆರೆಯಲ್ಲೇ ಇದನ್ನು ನೋಡಬಹುದು. ಇವೆಲ್ಲ ಸೇರಿ ವರ್ಷಕ್ಕೆ ಮೊದಲ ನಾಲ್ಕು ಲಕ್ಷ ಘನ ಮೀಟರ್ ನುಂಗುತ್ತವೆ ಎನ್ನಿ. 70ರ ವರ್ಷ 10.4 ಲಕ್ಷ ಉಳಿಯುತ್ತದೆ, 56ರ ವರ್ಷ 4.4. ಮೊದಲು ಶೇಕಡ 41 ಇದ್ದ ಇಳಿಕೆ ಈಗ ಶೇಕಡ 58 ಆಯಿತು. ಹವಾಮಾನದ ಏರುಪೇರಿಗೆ ಕೆರೆ ಇನ್ನಷ್ಟು ಸೂಕ್ಷ್ಮವಾಯಿತು, ಅದೂ ಹವಾಮಾನಕ್ಕೆ ಸಂಬಂಧವೇ ಇಲ್ಲದ ಕಾರಣದಿಂದ. ಬೆಂಗಳೂರಿಗೆ ನೀರು ಕೊಡಲು 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರುವ ಅರ್ಕಾವತಿಯ ನೀರು ಏಕೆ ಬತ್ತಿತು ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹುಡುಕಿದಾಗಲೂ ಅಪರಾಧಿ ಸ್ಥಾನದಲ್ಲಿ ನಿಂತದ್ದು ಮಳೆಯಲ್ಲ. ಮುಖ್ಯವಾಗಿ ಅಂತರ್ಜಲದ ಬಳಕೆ ಮತ್ತು ನೀಲಗಿರಿ. ಮಾದರಿಯೊಳಗಿನ 17.8, 254 ಮುಂತಾದ ಅಂಕಿಗಳು ನೋಡಲು ನಿಸರ್ಗದ ನಿಯಮದಂತೆ ಕಾಣುತ್ತವೆ. ನಿಜದಲ್ಲಿ ಅವು 1929ರ ನೆಲದ ಚಿತ್ರ. ಆ ನೆಲ ಈಗ ಇಲ್ಲ.

ಹೊರದೇಶದ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಅಮೆರಿಕದ ಕೊಲೊರಾಡೊ ನದಿಯನ್ನು ಏಳು ರಾಜ್ಯಗಳು 1922ರಲ್ಲಿ ಹಂಚಿಕೊಂಡಾಗ ಮೇಲ್ಕಣಿವೆಗೆ 75 ಲಕ್ಷ, ಕೆಳಕಣಿವೆಗೆ 75 ಲಕ್ಷ ಎಕರೆ ಅಡಿ (ಒಂದು ಎಕರೆಯಲ್ಲಿ ಒಂದು ಅಡಿ ನಿಲ್ಲುವ ನೀರು ಒಂದು ಎಕರೆ ಅಡಿ) ಎಂದು ಬರೆದರು. ಅವರ ಕೈಯಲ್ಲಿದ್ದದ್ದು ಅಸಾಧಾರಣವಾಗಿ ಮಳೆಯಾದ ಕೆಲವು ವರ್ಷಗಳ ದಾಖಲೆ. ನದಿಯಲ್ಲಿ ಅಷ್ಟು ನೀರು ಸರಾಸರಿಯಲ್ಲಿ ಇಲ್ಲ ಎಂಬುದು ಆಮೇಲೆ ತಿಳಿಯಿತು, ಕಾಗದದ ಮೇಲಿನ ನೀರಿಗೆ ಹಕ್ಕುದಾರರು ಮಾತ್ರ ಇಂದಿಗೂ ಇದ್ದಾರೆ.

ಬೇಡಿಕೆಯ ಬದಿಯನ್ನು ನಾವು ಅಷ್ಟಾಗಿ ಮಾದರಿಗೆ ತರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ವ್ಯವಸ್ಥೆಯಾಯಿತು. ಅದನ್ನು 365ರಿಂದ ಗುಣಿಸಿದರೆ ಹೆಚ್ಚುಕಡಿಮೆ ಹತ್ತು ಟಿಎಂಸಿ. ಹಿಂದಿನ ಹಂತಗಳ 145 ಕೋಟಿ ಲೀಟರನ್ನೂ ಸೇರಿಸಿದರೆ ವರ್ಷಕ್ಕೆ 28 ಟಿಎಂಸಿಗೂ ಹೆಚ್ಚು, ತುಂಬಿದ ಕೆಆರ್‌ಎಸ್‌ನ ಅರ್ಧಕ್ಕಿಂತ ಹೆಚ್ಚು. ಇದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಕುಡಿಯುವ ನೀರಿಗೆ ಮೊದಲ ಆದ್ಯತೆ. ಲೆಕ್ಕದಲ್ಲಿ ಗಮನಿಸಬೇಕಾದದ್ದು ಬೇರೆ. ನಲ್ಲಿಯ ನೀರಿನ ಬೇಡಿಕೆ ಬರದ ವರ್ಷವೂ ಅಷ್ಟೇ, ತುಂಬಿದ ವರ್ಷವೂ ಅಷ್ಟೇ. ನಾಲೆಯ ನೀರನ್ನಾದರೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಡಬಹುದು, ಬೇಸಿಗೆ ಬೆಳೆಗೆ ಇಲ್ಲ ಎನ್ನಬಹುದು, ಭತ್ತದ ಬದಲು ಅಲ್ಪಾವಧಿ ಬೆಳೆ ಹಾಕಿ ಎನ್ನಬಹುದು. ಕದಲದ ಬೇಡಿಕೆ ಬೆಳೆದಷ್ಟೂ ಬರದ ಪೂರ್ತಿ ಹೊಡೆತ ಕದಲಬಲ್ಲ ಬೇಡಿಕೆಯ ಮೇಲೆ, ಅಂದರೆ ನಾಲೆಯ ಕೊನೆ ಭಾಗದ ರೈತನ ಮೇಲೆ ಬೀಳುತ್ತದೆ. ಮಳೆಯಲ್ಲಿ ಯಾವ ಬದಲಾವಣೆಯೂ ಇಲ್ಲದೆಯೇ ಅವನ ಅನಿಶ್ಚಯ ಹೆಚ್ಚಾಗಿರುತ್ತದೆ.

ಸರಳ ಮಾದರಿ ಸಾಲದ ಜಾಗಗಳನ್ನು ಚುಟುಕಾಗಿ ಹೇಳುತ್ತೇನೆ. ಪ್ರವಾಹದ ರಾತ್ರಿ ಅಣೆಕಟ್ಟೆಯ ಗೇಟಿನ ತೀರ್ಮಾನಕ್ಕೆ ಇದು ಆಗದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂಥ ಘಟನೆಯ ಬಗ್ಗೆ ಬಕೆಟ್ಟು ಏನನ್ನೂ ಹೇಳಲಾರದು. ಕಲ್ಲಿನ ಬಿರುಕುಗಳಲ್ಲಿರುವ ನಮ್ಮ ಅಂತರ್ಜಲಕ್ಕೂ ಅದು ಒರಟು. ಇಂಥ ಕಡೆ ವಿವರವಾದ ಮಾದರಿಗಳು ಬೇಕೇ ಬೇಕು. ಆದರೆ ಅವಕ್ಕೆ ಹತ್ತಾರು ಅಂಕಿ ತಿರುಪುಗಳಿರುತ್ತವೆ. ಬೇರೆ ಬೇರೆ ರೀತಿ ತಿರುಗಿಸಿಯೂ ಹಿಂದಿನ ಹರಿವಿಗೆ ಒಂದೇ ಸಮ ಹೊಂದಿಸಬಹುದು, ಮುಂದಿನದಕ್ಕೆ ಮಾತ್ರ ಒಂದೊಂದು ಒಂದೊಂದು ಹೇಳುತ್ತದೆ. ವಿವರ ಹೆಚ್ಚಾದಷ್ಟೂ ನಿಖರತೆ ಹೆಚ್ಚು ಎಂದು ತಿಳಿಯುವುದು ಹುಚ್ಚು.

ಕೊನೆಯದಾಗಿ ಒಂದು ಸಭೆಯ ವಿಷಯ. ಸರಣಿಯಲ್ಲಿರುವ ಎರಡು ಕೆರೆಗಳ ಎರಡು ಊರಿನವರು ಕೂತಿದ್ದರು. ಮೇಲಿನ ಊರಿನವರಿಗೆ ಹೂಳೆತ್ತಬೇಕಿತ್ತು, ಹಣವೂ ಮಂಜೂರಾಗಿತ್ತು. ನಾನು ಇವತ್ತು ನಿಮಗೆ ತೋರಿಸಿದಂಥದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. 2.4 ಲಕ್ಷ ಘನ ಮೀಟರ್ ಹೂಳು ತೆಗೆದರೆ ಮೇಲಿನವರಿಗೆ ವಾಡಿಕೆ ಮಳೆಯ ವರ್ಷ ಇನ್ನೂ 15 ಹೆಕ್ಟೇರ್ ಬೆಳೆ. ಕಡಿಮೆ ಮಳೆಯ ವರ್ಷ ಒಂದು ಗುಂಟೆಯೂ ಹೆಚ್ಚಿಲ್ಲ, ಏಕೆಂದರೆ ಆಗ ಇರುವ ಜಾಗವೇ ತುಂಬುವುದಿಲ್ಲ. ಮತ್ತು ವಾಡಿಕೆ ವರ್ಷ ಕೋಡಿ ಹರಿಯುತ್ತಿದ್ದ ಅದೇ 2.4 ಲಕ್ಷವೇ ಕೆಳಗಿನ ಕೆರೆಯ ಜೀವಾಳ. ಹಲಗೆಯ ಮೇಲೆ ಕೆಳಗಿನ ಕೆರೆಯ ಎದುರು ಸೊನ್ನೆ ಬರೆದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಕೆಳಗಿನ ಊರಿನ ಒಬ್ಬ ಹೆಣ್ಣುಮಗಳು ಎದ್ದು, "ಜಾಸ್ತಿ ಮಳೆ ವರ್ಷ ನಮಗೆ ಎಷ್ಟು ಬರ್ತದೆ, ಅದ್ನೂ ಬರೀರಿ ಸಾರ್" ಎಂದರು. ಬರೆದೆ. ಏಳೂವರೆ ಲಕ್ಷ. "ಅಂಥ ವರ್ಷ ಎಷ್ಟಕ್ಕೊಂದು ಬರ್ತದೆ?" ಗೊತ್ತಿಲ್ಲ ಎಂದೆ. ಮೂರು ವರ್ಷಕ್ಕೊಂದು ಎಂದು ಹಾಕಿ ನೋಡಿದೆವು, ಐದಕ್ಕೊಂದು ಎಂದು ಹಾಕಿ ನೋಡಿದೆವು. ಮೇಲಿನ ಊರಿನ ಯಜಮಾನರೊಬ್ಬರು ಅಷ್ಟರಲ್ಲಿ ಹಲಗೆಯ ಹತ್ತಿರ ಬಂದು, ಹೂಳಿನ ಅಂಕಿಯನ್ನು ತಾವೇ ಒರೆಸಿ, 2.4ರ ಜಾಗದಲ್ಲಿ 1.2 ಬರೆದು, ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು.